ಕ್ಯಾಥೊಲಿಕ್ ಮತ್ತು ಆಂಗ್ಲಿಕನ್ ಸಭೆಗಳು ಮುಂದೆ ಒಂದಾಗಬಹುದೇ?

ಸದ್ಯಕ್ಕೆ ಆ ಲಕ್ಷಣ ಕಾಣುವುದಿಲ್ಲ. 1966ರಲ್ಲಿ ಪೋಪ್ ಆರನೆಯ ಪಾಲ್ ಮತ್ತು ಇಂಗ್ಲೆಂಡಿನ ಚರ್ಚಿನಿಂದ ಬೆಳೆದ ಆಂಗ್ಲಿಕನ್ ಸಭೆಯ ಪ್ರಮುಖರಾದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಮೈಕೆಲ್ ರಾಮ್ಸೆ ಅವರ ಭೇಟಿಯಿಂದ ಮೊದಲಾದ ಮಾತುಕತೆ ಇಂದಿಗೂ ಮುಂದುವರಿದಿದೆಯಾದರೂ, ಆಂಗ್ಲಿಕನ್ ಗುರುದೀಕ್ಷೆ (ಪಾದ್ರಿಗಳಾಗಿ ನೇಮಿಸುವ ವಿಧಿ) ಅಸಿಂಧುವೆಂದು 1896ರಲ್ಲಿ ಪೋಪ್ ಹದಿಮೂರನೆಯ ಲಿಯೊ ಕೊಟ್ಟ ತೀರ್ಪನ್ನು ರೋಮ್ ಹಿಂತೆಗೆದುಕೊಂಡಿಲ್ಲ. ಮಹಿಳೆಯರ ಗುರುದೀಕ್ಷೆಯ ಪ್ರಶ್ನೆಯಂತೂ ಅಂತರವನ್ನು ಇನ್ನಷ್ಟು ಹೆಚ್ಚಿಸಿತು.

ನಮ್ಮ ಮುಂಬೈಯಲ್ಲಿ, ಚರ್ಚ್‌ಗೇಟ್ ಎಂಬ ಹೆಸರಿಗೇ ಕಾರಣವಾದ ಸೇಂಟ್ ಥಾಮಸ್ ಕೆಥೆಡ್ರಲ್ ಮೂಲತಃ ಆಂಗ್ಲಿಕನ್ನರದು. 1970ರಲ್ಲಿ ಅವರು ಇತರ ಪ್ರಾಟೆಸ್ಟಂಟರೊಡನೆ ಕೂಡಿ ಚರ್ಚ್ ಆಫ್ ನಾರ್ತ್ ಇಂಡಿಯಾ ಆದರು. ಐಕ್ಯವೇನೋ ಆಯಿತು, ಆದರೆ ರೋಮ್‌ನೊಡನೆ ಅಲ್ಲ. ಮಂಗಳೂರು ಮೂಲದ ಕ್ಯಾಥೊಲಿಕರು ಅಲ್ಲಿಗೆ ಮದುವೆಗೆಂದು ಹೋದರೂ, ಪರಮಪ್ರಸಾದ ಹಂಚುವಾಗ, ತಮ್ಮ ಸಭೆಯ ನಿಯಮದಂತೆ, ಬೆಂಚಿನಲ್ಲೇ ಉಳಿಯಬೇಕಾಗುತ್ತದೆ. ಪರಸ್ಪರರ ಜ್ಞಾನಸ್ನಾನಕ್ಕೆ ಮಾತ್ರ ಇಬ್ಬರಲ್ಲೂ ಮಾನ್ಯತೆಯಿದೆ.