ಬೈಕ್ ಎಂಜಿನ್‌ನಲ್ಲಿ ಟಕ್ ಟಕ್ ಸದ್ದು ಶುರುವಾಗಿದೆ. ಎಲ್ಲಿಂದ ಅಂತ ಗೊತ್ತುಮಾಡಿಕೊಳ್ಳುವುದು ಹೇಗೆ?

ಮೊದಲು ಆಯಿಲ್ ನೋಡಿ. ಸಮತಟ್ಟಾದ ಜಾಗದಲ್ಲಿ ಬೈಕನ್ನು ನೇರವಾಗಿ ನಿಲ್ಲಿಸಿ ನೋಡಬೇಕು. ಸೈಡ್ ಸ್ಟ್ಯಾಂಡ್ ಹಾಕಿ ನೋಡಿದರೆ ಮಟ್ಟ ತಪ್ಪಾಗಿ ಕಾಣುತ್ತದೆ. ಆಯಿಲ್ ಕಡಿಮೆಯಿದ್ದರೆ ಅದನ್ನು ಸರಿಮಾಡದೆ ಬೇರೇನನ್ನೂ ಹುಡುಕಬೇಡಿ.

ಆಮೇಲೆ ಸುಮ್ನೆ ಕಿವಿಗೊಟ್ಟು ಕೇಳಿ. ಸಿಲಿಂಡರ್ ಹೆಡ್ (ಎಂಜಿನ್ನಿನ ಮೇಲ್ಭಾಗ) ಕಡೆಯಿಂದ ಹೊಲಿಗೆ ಮಷಿನ್ ಥರ ಟಿಕ್ ಟಿಕ್ ಬಂದು, ಆಕ್ಸಿಲರೇಟರ್ ಕೊಟ್ಟಂತೆ ವೇಗವಾದರೆ ಅದು ಹೆಚ್ಚಾಗಿ ಟ್ಯಾಪೆಟ್ ಸದ್ದು. ವಾಲ್ವ್ ಮತ್ತು ಅದನ್ನು ಒತ್ತಿ ತೆರೆಯುವ ರಾಕರ್ ನಡುವಿನ ಸಂದು ಜಾಸ್ತಿಯಾಗಿರುತ್ತದೆ. ಈ ಸಂದು ಮಿಲಿಮೀಟರಿನ ನೂರನೇ ಭಾಗಗಳ ಲೆಕ್ಕದ್ದು. ಎಂಜಿನ್ ಪೂರ್ತಿ ತಣ್ಣಗಿರುವಾಗ ಫೀಲರ್ ಗೇಜ್ (ಸಂದು ಅಳೆಯುವ ತೆಳುಪಟ್ಟಿ) ಇಟ್ಟು ಹೊಂದಿಸಬೇಕು. ಬಿಸಿ ಎಂಜಿನ್ನಿನಲ್ಲಿ ಕಿವಿಯ ಅಂದಾಜಿನ ಮೇಲೆ ತಿರುಗಿಸುವವರ ಹತ್ತಿರ ದಯವಿಟ್ಟು ಮಾಡಿಸಬೇಡಿ. ಸದ್ದೇ ಬಾರದಷ್ಟು ಬಿಗಿ ಮಾಡಿದರೆ ವಾಲ್ವ್ ಸರಿಯಾಗಿ ಮುಚ್ಚದೆ ಸುಟ್ಟುಹೋಗುತ್ತದೆ. ಸ್ವಲ್ಪ ಟಿಕ್ ಟಿಕ್ ಇದ್ದರೇ ಒಳ್ಳೆಯದು.

ಎಂಜಿನ್ನಿನ ಪಕ್ಕದಿಂದ ಸರಪಳಿ ಅಲ್ಲಾಡಿದ ಹಾಗೆ ಕರಕರ ಅಂದರೆ ವಾಲ್ವ್‌ಗಳನ್ನು ನಡೆಸುವ ಟೈಮಿಂಗ್ ಚೈನ್ ಅಥವಾ ಅದನ್ನು ಬಿಗಿಯಾಗಿಡುವ ಟೆನ್ಷನರ್ ಮೇಲೆ ಅನುಮಾನ ಪಡಿ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಇದು ಜೋರಾಗಿ ಕೇಳಿಸಬಹುದು. ತಡಮಾಡಬೇಡಿ. ಚೈನ್ ಹಲ್ಲು ಜಿಗಿದರೆ ವಾಲ್ವ್ ಹೋಗಿ ಪಿಸ್ಟನ್‌ಗೆ ಬಡಿಯಬಹುದು.

ಕ್ಲಚ್ ಹಿಡಿದ ಕೂಡಲೇ ಸದ್ದು ಬದಲಾದರೆ ಕ್ಲಚ್ ಕಡೆ ನೋಡಿ.

ಟಾಪ್ ಗೇರಿನಲ್ಲಿ ನಿಧಾನವಾಗಿ ಏರು ಹತ್ತುವಾಗ ಮಾತ್ರ ಕಟಕಟ ಅನ್ನುತ್ತದೆ ಅಲ್ವಾ? ಗೇರ್ ಇಳಿಸಿ ನೋಡಿ. ಸದ್ದು ನಿಂತರೆ ಸದ್ಯಕ್ಕೆ ಎಂಜಿನ್ ಬಿಚ್ಚುವುದು ಬೇಡ.

ಆದರೆ ಎಂಜಿನ್ನಿನ ಕೆಳಭಾಗದಿಂದ ಸುತ್ತಿಗೆ ಬಡಿದಂತೆ ದಪ್ಪ ಸದ್ದು ಬಂದರೆ ತಕ್ಷಣ ಆಫ್ ಮಾಡಿ. ಕನೆಕ್ಟಿಂಗ್ ರಾಡ್ (ಪಿಸ್ಟನ್ನಿಗೆ ಜೋಡಿಸಿದ ಸಲಾಕೆ) ಬೇರಿಂಗ್ ಸವೆದಿರಬಹುದು. ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಟೆಂಪೋದಲ್ಲಿ ಹಾಕಿಸಿ.