‘ಹಾಗೆ’ ಎಂಬ ಪದ ಎಲ್ಲಿ ಹೋಯಿತು?

ಪ್ರಿಯ ಲೇಖಕರೇ,

ಡಿಪರ್ಸನಲೈಸೇಶನ್ (ತಾನೇ ತನಗೆ ಹೊರಗಿನವನಾದ ಹಾಗೆ ಅನ್ನಿಸುವ ಮಾನಸಿಕ ಸ್ಥಿತಿ) ಕುರಿತು ನೀವು ಕಳಿಸಿದ ‘ನನ್ನೊಳಗಿನ ಅಪರಿಚಿತ’ ಲೇಖನವನ್ನು ಎರಡು ಸಲ ಓದಿದೆವು. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ವಿಷಯವನ್ನು ಕೈಬಿಡಬೇಡಿ. ಏನು ಕೆಟ್ಟಿದೆ, ಏಕೆ ಕೆಟ್ಟಿದೆ ಎಂದು ಬಿಡಿಸಿ ಹೇಳುತ್ತೇವೆ, ತಿದ್ದಿ ಕಳಿಸಿ.

ಎಡವಟ್ಟು ಶುರುವಾಗುವುದು ಎರಡನೇ ಪ್ಯಾರಾದಲ್ಲಿ. ನಿಮ್ಮ ಇಂಜಿನಿಯರಿಂಗ್ ವಿದ್ಯಾರ್ಥಿ ‘ತಾನು ಸತ್ತುಹೋಗಿದ್ದೇನೆ ಎಂದು ನಂಬಿದ್ದ’ ಎಂದಿದ್ದೀರಿ. ಹಾಗೆ ನಂಬಿದರೆ ಅದು ಬೇರೆಯೇ ಕಾಯಿಲೆ. ಫ್ರಾನ್ಸಿನ ವೈದ್ಯ ಜೂಲ್ ಕೊಟಾರ್ 1880ರಲ್ಲಿ ವರ್ಣಿಸಿದ ಭ್ರಮೆ ಅದು. ಡಿಪರ್ಸನಲೈಸೇಶನ್ ಇರುವವರು ‘ಸತ್ತಿದ್ದೇನೆ’ ಅನ್ನುವುದಿಲ್ಲ, ‘ಸತ್ತ ಹಾಗೆ ಇದ್ದೇನೆ’ ಅನ್ನುತ್ತಾರೆ. ರೋಗನಿರ್ಣಯ ನಿಂತಿರುವುದೇ ಆ ‘ಹಾಗೆ’ಯ ಮೇಲೆ. ಕನ್ನಡದಲ್ಲಿ ‘ಗೊತ್ತು’ ಮತ್ತು ‘ಅನ್ನಿಸುತ್ತೆ’ ಎಂಬ ಎರಡು ಮಾತುಗಳಿವೆಯಲ್ಲ, ಅವುಗಳ ನಡುವೆ ಬಿದ್ದ ಬಿರುಕೇ ಈ ಕಾಯಿಲೆ. ‘ಈ ಕೈ ನನ್ನದೇ ಅಂತ ಗೊತ್ತು, ಆದರೆ ನನ್ನದು ಅಂತ ಅನ್ನಿಸಲ್ಲ.’ ‘ಮಗಳ ಮೇಲೆ ಪ್ರೀತಿ ಇದೆ ಅಂತ ಗೊತ್ತು, ಆದರೆ ಎದೆಯಲ್ಲಿ ಏನೂ ಆಗಲ್ಲ.’ ವಾಸ್ತವದ ಅರಿವು ಪೂರ್ತಿ ಇರುತ್ತದೆ, ಆ ಅರಿವಿಗೆ ಜೀವ ಇರುವುದಿಲ್ಲ. ಸುತ್ತಲಿನ ಜಗತ್ತೇ ಸಿನಿಮಾ ಪರದೆಯ ಹಾಗೆ, ಗಾಜಿನ ಆಚೆ ಇರುವ ಹಾಗೆ ಕಂಡರೆ ಅದು ಡಿರಿಯಲೈಸೇಶನ್. ಅಮೆರಿಕದ ಮನೋವೈದ್ಯರ ಕೈಪಿಡಿಯ 2013ರ ಆವೃತ್ತಿಯಲ್ಲಿ ಇವೆರಡನ್ನೂ ಒಂದೇ ಹೆಸರಿನಡಿ ಸೇರಿಸಿದ್ದಾರೆ.

‘ಇಬ್ಬರು ವ್ಯಕ್ತಿಗಳು ಒಂದೇ ದೇಹದಲ್ಲಿ’ ಎಂಬ ಉಪಶೀರ್ಷಿಕೆ ತೆಗೆದುಬಿಡಿ. ಇಲ್ಲಿ ಇಬ್ಬರು ಇರುವುದಿಲ್ಲ, ಒಬ್ಬನೇ ಇದ್ದಾನೆ. ಅವನಿಗೆ ತಾನು ಇದ್ದೇನೆ ಅನ್ನಿಸುತ್ತಿಲ್ಲ, ಅಷ್ಟೇ. ‘ಡಿಪರ್ಸನಲೈಸೇಶನ್’ ಎಂಬ ಪದ ಫ್ರಾಯ್ಡ್ ಕೊಟ್ಟದ್ದು ಎಂದಿರುವುದೂ ತಪ್ಪು. ಜಿನೀವಾದ ಚಿಂತಕ ಅಮಿಯೆಲ್ ತನ್ನ ದಿನಚರಿಯಲ್ಲಿ ಬಳಸಿದ್ದ ಪದವನ್ನು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ಲ್ಯುಡೊವಿಕ್ ದ್ಯುಗಾ 1898ರಲ್ಲಿ ವೈದ್ಯಕೀಯಕ್ಕೆ ತಂದರು. ಬರಹಗಾರರಾದ ನಿಮಗೆ ಇದು ಮುಖ್ಯವಾಗಬೇಕು: ಈ ಅನುಭವಕ್ಕೆ ಹೆಸರು ಸಿಕ್ಕಿದ್ದು ತನ್ನೊಳಗನ್ನು ನಿಖರವಾಗಿ ಬರೆದಿಟ್ಟ ಒಬ್ಬನ ಪುಟಗಳಿಂದ.

‘ಅತಿ ಅಪರೂಪದ ಕಾಯಿಲೆ’ ಎಂದೂ ಬರೆಯಬೇಡಿ. ನೂರು ಜನರಲ್ಲಿ ಸುಮಾರು ಒಬ್ಬರಿಗೆ ಇದು ಕಾಯಿಲೆಯ ಮಟ್ಟದಲ್ಲಿರುತ್ತದೆ. ನಿದ್ದೆಗೆಟ್ಟಾಗ, ಅಪಘಾತ ಕೂದಲೆಳೆಯಲ್ಲಿ ತಪ್ಪಿದಾಗ ಕ್ಷಣಕಾಲ ಹೀಗೆ ಅನ್ನಿಸುವುದು ಅರ್ಧದಷ್ಟು ಜನರಿಗೆ ಒಮ್ಮೆಯಾದರೂ ಆಗಿರುತ್ತದೆ. ಅದು ಕಾಯಿಲೆಯಲ್ಲ. ಶುರುವಾಗುವ ಸರಾಸರಿ ವಯಸ್ಸು 16, 25 ದಾಟಿದ ಮೇಲೆ ಮೊದಲ ಬಾರಿ ಬರುವುದು ವಿರಳ. ಪ್ಯಾನಿಕ್ ಅಟ್ಯಾಕ್, ಗಾಂಜಾ, ಬಾಲ್ಯದಲ್ಲಿ ಮನೆಯವರ ನಿರಂತರ ಹೀಯಾಳಿಕೆ, ತೀವ್ರ ಒತ್ತಡ ಇದರ ಹಿನ್ನೆಲೆಯಲ್ಲಿ ಮತ್ತೆ ಮತ್ತೆ ಕಾಣುತ್ತವೆ. ಇಷ್ಟಿದ್ದೂ ಗುರುತಿಗೆ ಬರಲು ವರ್ಷಗಟ್ಟಲೆ ಹಿಡಿಯುವುದೇಕೆ ಎಂಬುದೇ ನಿಮ್ಮ ಲೇಖನದ ಬೆನ್ನೆಲುಬಾಗಬೇಕಿತ್ತು. ಹೊರಗಿನಿಂದ ನೋಡಿದರೆ ಮನುಷ್ಯ ಸರಿಯಾಗೇ ಇದ್ದಾನೆ: ಕಾಲೇಜಿಗೆ ಹೋಗುತ್ತಾನೆ, ಮಾತಾಡುತ್ತಾನೆ, ನಗುತ್ತಾನೆ. ‘ನಾನು ನಾನಲ್ಲ ಅನ್ನಿಸುತ್ತೆ’ ಎಂದರೆ ಹುಚ್ಚನೆಂದಾರು ಎಂಬ ಹೆದರಿಕೆ ಅವನಿಗೆ. ಕೊನೆಗೆ ವೈದ್ಯರ ಬಳಿ ‘ತಲೆ ಮಂಕು, ಸುಸ್ತು’ ಎನ್ನುತ್ತಾನೆ. ಖಿನ್ನತೆ ಅಥವಾ ಆತಂಕ ಎಂದು ಚೀಟಿ ಬರೆದಾಗುತ್ತದೆ. ಅವೂ ಜೊತೆಗಿರಬಹುದು, ಆದ್ದರಿಂದ ತಪ್ಪು ಕಣ್ಣಿಗೆ ಬೀಳುವುದಿಲ್ಲ. ನೇರವಾಗಿ ಕೇಳಿದರೆ ಮಾತ್ರ ಹೊರಬರುವ ಲಕ್ಷಣ ಇದು. ಅದಕ್ಕಾಗಿಯೇ ಮನೋವೈದ್ಯರಾದ ಸಿಯೆರಾ ಮತ್ತು ಬೆರಿಯೊಸ್ 2000ರಲ್ಲಿ 29 ಪ್ರಶ್ನೆಗಳ ಕೇಂಬ್ರಿಜ್ ಮಾಪಕ ಪ್ರಕಟಿಸಿದರು. ಪ್ರತಿ ಅನುಭವ ಎಷ್ಟು ಸಲ ಆಗುತ್ತದೆ, ಎಷ್ಟು ಹೊತ್ತು ಇರುತ್ತದೆ ಎಂದು ಅದು ಕೇಳುತ್ತದೆ. ಒಟ್ಟು 290 ಅಂಕ, 70 ದಾಟಿದರೆ ವಿವರವಾದ ಪರೀಕ್ಷೆ ಬೇಕು.

ಇನ್ನು ನಮ್ಮನ್ನು ನಿಜಕ್ಕೂ ಕಳವಳಕ್ಕೀಡುಮಾಡಿದ್ದು ಕೊನೆಯ ಪುಟ. ಈ ಸ್ಥಿತಿಯನ್ನು ‘ಸಾಕ್ಷಿಭಾವ’ಕ್ಕೆ ಹೋಲಿಸಿ, ದಿನಕ್ಕೆ ಒಂದು ಗಂಟೆ ಕಣ್ಣುಮುಚ್ಚಿ ಒಳಗೆ ನೋಡಿಕೊಳ್ಳಿ ಎಂದಿದ್ದೀರಿ. ಸಾಕ್ಷಿಭಾವ ಸಾಧಕ ಬಯಸಿ ಪಡೆಯುವುದು, ಅದರಲ್ಲಿ ನೆಮ್ಮದಿ ಇದೆ. ಇದು ಬಯಸದೆ ಬಂದದ್ದು, ಇದರಲ್ಲಿ ಭಯ ಇದೆ. ‘ಈಗ ಹೇಗಿದೆ, ಹೋಯಿತೇ, ಇನ್ನೂ ಇದೆಯೇ’ ಎಂದು ತನ್ನನ್ನೇ ತಡವಿ ನೋಡುವುದು, ಕನ್ನಡಿ ನೋಡುವುದು, ಕೈ ಚಿವುಟಿಕೊಳ್ಳುವುದು ಈ ಕಾಯಿಲೆಯನ್ನು ಬೆಳೆಸುವ ಗೊಬ್ಬರ. ಅಂಥವರಿಗೆ ಗಂಟೆಗಟ್ಟಲೆ ಒಳಗೆ ನೋಡಿಕೊಳ್ಳಲು ಹೇಳಿದರೆ ಗಾಯ ಕೆರೆಯಲು ಹೇಳಿದಂತೆ. ಕೆಲವರಿಗೆ ತೀವ್ರ ಧ್ಯಾನದಿಂದಲೇ ಇದು ಶುರುವಾದದ್ದಿದೆ.

ಚಿಕಿತ್ಸಕರು ಮಾಡಿಸುವುದು ಇದಕ್ಕೆ ತದ್ವಿರುದ್ಧ. ಮೊದಲಿಗೆ, ಒಂದು ವಾರದ ಮಟ್ಟಿಗೆ ಮಾತ್ರ, ಆ ಅನುಭವ ಎಷ್ಟು ತೀವ್ರವಾಗಿದೆ ಎಂದು ಗಂಟೆಗೊಮ್ಮೆ ಸೊನ್ನೆಯಿಂದ ಹತ್ತರವರೆಗೆ ಅಂಕ ಕೊಟ್ಟು ಬರೆದಿಡಲು ಹೇಳುತ್ತಾರೆ. ‘ಯಾವಾಗಲೂ ಒಂದೇ ಥರ’ ಎನ್ನುತ್ತಿದ್ದವರಿಗೆ ಏರಿಳಿತ ಕಾಣುತ್ತದೆ: ಟ್ಯೂಬ್‌ಲೈಟಿನ ಗದ್ದಲದ ಅಂಗಡಿಯಲ್ಲಿ 8, ತಂಗಿಯ ಜೊತೆ ಕೇರಂ ಆಡುವಾಗ 4. ಆಮೇಲೆ ತಡವಿ ನೋಡುವ ಚಾಳಿಯನ್ನು ದಿನದಿನಕ್ಕೆ ಕಡಿಮೆ ಮಾಡಿಸಿ, ಬಿಟ್ಟುಬಿಟ್ಟ ಜಾಗಗಳಿಗೆ ಮತ್ತೆ ಕಳಿಸಿ, ಗಮನವನ್ನು ಹೊರಗೆ ತಿರುಗಿಸುತ್ತಾರೆ. ತಣ್ಣೀರಲ್ಲಿ ಕೈ ಅದ್ದುವುದು, ಕಣ್ಣೆದುರಿನ ಐದು ವಸ್ತುಗಳ ಹೆಸರು ಜೋರಾಗಿ ಹೇಳುವುದು ಆ ಹೊತ್ತಿಗೆ ಆಸರೆ. ಅದನ್ನೂ ‘ಹೋಯಿತೇ’ ಎಂಬ ಪರೀಕ್ಷೆಯಾಗಿ ಮಾಡಿದರೆ ಕೆಲಸ ಕೆಡುತ್ತದೆ.

‘ಮಾತ್ರೆ ತಿಂದರೆ ಮೂರು ವಾರದಲ್ಲಿ ಗುಣ’ ಎಂಬ ಸಾಲು ಹೊಡೆದುಹಾಕಿ. ಈ ಕಾಯಿಲೆಗೆಂದೇ ಅನುಮೋದನೆ ಪಡೆದ ಔಷಧಿ ಇಲ್ಲ. ಖಿನ್ನತೆಗೆ ಕೊಡುವ ಫ್ಲೂಆಕ್ಸೆಟಿನ್ ಪರೀಕ್ಷೆಯಲ್ಲಿ ಪ್ಲಸೀಬೊಗಿಂತ (ಔಷಧಿಯಿಲ್ಲದ ಹುಸಿ ಮಾತ್ರೆಗಿಂತ) ಮೇಲೆನಿಸಲಿಲ್ಲ. ಆದರೂ ಜೊತೆಗಿರುವ ಖಿನ್ನತೆ, ಆತಂಕಕ್ಕೆ ಕೊಟ್ಟ ಮಾತ್ರೆಯನ್ನು ಯಾರೂ ತಾವಾಗಿ ನಿಲ್ಲಿಸಬಾರದು ಎಂಬ ವಾಕ್ಯ ಅದರ ಬೆನ್ನಿಗೇ ಇರಲಿ. 40 ದಾಟಿದ ಮೇಲೆ ಮೊದಲ ಬಾರಿ ಬಂದರೆ, ಅಥವಾ ಈ ಅನುಭವ ಕೆಲವೇ ನಿಮಿಷ ಒಂದೇ ಬಗೆಯಲ್ಲಿ ಮತ್ತೆ ಮತ್ತೆ ಬಂದು ನಡುವೆ ಎಚ್ಚರ ತಪ್ಪಿದರೆ, ಮೂರ್ಛೆರೋಗ ಇದೆಯೇ ಎಂದು ನರತಜ್ಞರು ನೋಡಬೇಕು ಎಂಬುದನ್ನೂ ಸೇರಿಸಿ.

ನಿಮ್ಮ ಮೂರನೇ ಪುಟದ ದೃಶ್ಯ ಮಾತ್ರ ಅಲ್ಲಾಡಿಸಬೇಡಿ: ಅಮ್ಮ ಹೆಸರು ಹಿಡಿದು ಕರೆದಾಗ ಹುಡುಗ ‘ಆಂ’ ಎನ್ನುತ್ತಾನೆ, ಉತ್ತರ ಕೊಟ್ಟವರು ಯಾರೆಂದು ಒಂದು ಗಳಿಗೆ ತಿರುಗಿ ನೋಡುತ್ತಾನೆ. ಇದನ್ನು ಕಂಡವರಷ್ಟೇ ಹೀಗೆ ಬರೆಯಬಲ್ಲರು. ಲೇಖನ ಅಲ್ಲಿಂದಲೇ ಶುರುವಾಗಲಿ. 1,200 ಪದ ಮೀರದಿರಲಿ. ಕಡೆಯಲ್ಲಿ ಕನ್ನಡದಲ್ಲೇ ಮಾತಾಡಬಹುದಾದ ಟೆಲಿ ಮಾನಸ್ ಸಹಾಯವಾಣಿ 14416 ಎಂದು ದಪ್ಪಕ್ಷರದಲ್ಲಿ ಹಾಕಿ. ತಿದ್ದಿದ ಪ್ರತಿಗಾಗಿ ಜಾಗ ಇಟ್ಟಿದ್ದೇವೆ.

— ಸಂಪಾದಕ ಮಂಡಳಿ