ಶಾಲ್ಮಲಾ ಎಂಬ ಹೆಸರು ಎಲ್ಲಿಯದು? ಹೆಚ್ಚು ಜನ ಇಟ್ಟುಕೊಳ್ಳುತ್ತಾರಾ?

ಶಿರಸಿ ಕಡೆಯವರಿಗೆ ಶಾಲ್ಮಲಾ ಅಂದರೆ ಮೊದಲು ಹೊಳೆ. ಸಹಸ್ರಲಿಂಗದಲ್ಲಿ ಬಂಡೆಬಂಡೆಯ ಮೇಲೂ ಲಿಂಗ, ಎದುರಿಗೆ ನಂದಿ. ಬೇಸಿಗೆಯಲ್ಲಿ ನೀರು ಇಳಿದ ಮೇಲೆ ಒಂದೊಂದೇ ತಲೆ ಎತ್ತುತ್ತವೆ. ಸೋದೆಯ ಅರಸ ಸದಾಶಿವರಾಯ ಕೆತ್ತಿಸಿದ್ದು. ಮುಂದೆ ಈ ಹೊಳೆ ಬೇಡ್ತಿಯನ್ನು ಸೇರಿ, ಗಂಗಾವಳಿಯಾಗಿ ಗೋಕರ್ಣದ ಹತ್ತಿರ ಕಡಲಿಗೆ ಹೋಗುತ್ತದೆ. ಧಾರವಾಡದವರೂ 'ಶಾಲ್ಮಲಾ ನಮ್ಮದು' ಅಂತಾರೆ, ಅಲ್ಲಿ ಸೋಮೇಶ್ವರದಲ್ಲಿ ಹುಟ್ಟುವ ಹೊಳೆಗೂ ಇದೇ ಹೆಸರು.

ಪದದ ಬೇರು ಸಂಸ್ಕೃತದ ಶಾಲ್ಮಲಿ, ಅಂದರೆ ಬೂರುಗದ ಮರ. ಮೈತುಂಬ ಮುಳ್ಳು, ಎಲೆ ಉದುರಿದ ಮೇಲೆ ಕೆಂಪು ಹೂವು, ಕಾಯಿ ಒಡೆದರೆ ದಿಂಬಿಗೆ ತುಂಬುವ ಅರಳೆ. ಪುರಾಣದ ಸಪ್ತದ್ವೀಪಗಳಲ್ಲಿ ಒಂದಕ್ಕೂ ಈ ಮರದ್ದೇ ಹೆಸರು.

ತಮಾಷೆ ಏನೆಂದರೆ, ನಕ್ಷತ್ರ, ಮರ, ನದಿಯ ಹೆಸರಿನ ಹುಡುಗಿಯನ್ನು ಮದುವೆಯಾಗಬೇಡಿ ಅನ್ನುತ್ತದೆ ಮನುಸ್ಮೃತಿ (3.9). ಶಾಲ್ಮಲಾ ಮರವೂ ಹೌದು, ನದಿಯೂ ಹೌದು! ರೋಹಿಣಿ, ತುಳಸಿ, ಕಾವೇರಿಯರಿಗೆಲ್ಲ ಮದುವೆಯಾಗಿದೆ ಬಿಡಿ.

ಬಳಕೆ ಮಾತ್ರ ಕಡಿಮೆಯೇ. ಸ್ನಾನದ 'ಗಂಗೇ ಚ ಯಮುನೇ ಚೈವ' ಶ್ಲೋಕದ ಏಳು ನದಿಗಳಲ್ಲಿ ಇವಳಿಲ್ಲ. ಹಾಗಾಗಿ ಗಂಗಾ, ಕಾವೇರಿಯ ಹಾಗೆ ಮನೆಮನೆಗೆ ಹೋಗಲಿಲ್ಲ ಅಂತ ನನ್ನ ಊಹೆ. ಇಟ್ಟರೆ ಒಂದು ಕಿರಿಕಿರಿಗೆ ಸಿದ್ಧರಾಗಿ: ಘಟ್ಟ ಇಳಿದರೆ ಅರ್ಧ ಜನ 'ಶ್ಯಾಮಲಾ' ಅಂತಲೇ ಬರೆದುಕೊಳ್ಳುತ್ತಾರೆ. ಅದು ಕಪ್ಪು ಬಣ್ಣದ ಹೆಸರು, ಇದಕ್ಕೂ ಅದಕ್ಕೂ ನಂಟಿಲ್ಲ.